ಅಪರೂಪದ ಕ್ಯಾನ್ಸರ್: ಬಾಳಸಂಗಾತಿಯ ಪಾತ್ರವೇನು?

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ಬಂಧುಬಳಗವೆಲ್ಲ ಓಡಿ ಬರುತ್ತದೆ. ಆದರೆ ಕಾಯಿಲೆ ವರ್ಷಗಟ್ಟಲೆ ಮುಂದುವರಿದರೆ ಬಂದವರು ಒಬ್ಬೊಬ್ಬರಾಗಿ ತಮ್ಮ ಕೆಲಸಕ್ಕೆ ಮರಳುತ್ತಾರೆ. ಕೊನೆಗೆ ಪಕ್ಕದಲ್ಲಿ ಉಳಿಯುವವರು ಗಂಡ ಅಥವಾ ಹೆಂಡತಿ. ಅವರು ತಿಳಿದಿರಬೇಕಾದ ಕೆಲವು ವಿಷಯಗಳನ್ನು ಈ ವಾರ ನೋಡೋಣ.

ಉದಾಹರಣೆಗೆ ನ್ಯೂರೋಎಂಡೋಕ್ರೈನ್ ಗಡ್ಡೆಯನ್ನು ತೆಗೆದುಕೊಳ್ಳಿ. ನಟ ಇರ್ಫಾನ್ ಖಾನ್ ತಮಗೆ ಈ ಕಾಯಿಲೆ ಇದೆಯೆಂದು 2018ರಲ್ಲಿ ತಿಳಿಸಿದಾಗ ಬಹಳ ಮಂದಿ ಇದರ ಹೆಸರನ್ನು ಮೊದಲ ಬಾರಿಗೆ ಕೇಳಿದರು. ಅವರು 2020ರಲ್ಲಿ ತೀರಿಕೊಂಡರು. ಆದರೆ ಈ ಕಾಯಿಲೆ ಎಲ್ಲರಲ್ಲಿಯೂ ಒಂದೇ ರೀತಿ ಸಾಗುವುದಿಲ್ಲ. ಕೆಲವರಲ್ಲಿ ಬೇಗ ಹರಡುತ್ತದೆ; ಅನೇಕರಲ್ಲಿ ನಿಧಾನವಾಗಿ ಬೆಳೆಯುತ್ತದೆ. ಚಿಕಿತ್ಸೆ ಪಡೆಯುತ್ತಾ ಹಲವು ವರ್ಷ ಬಾಳುವವರಿದ್ದಾರೆ.

ಕಾಯಿಲೆಯ ಸ್ವರೂಪ

ಹಾರ್ಮೋನು ಸ್ರವಿಸುವ ಒಂದು ಬಗೆಯ ಜೀವಕೋಶಗಳಲ್ಲಿ ಈ ಗಡ್ಡೆ ಹುಟ್ಟುತ್ತದೆ. ಕರುಳು, ಮೇದೋಜೀರಕ ಗ್ರಂಥಿ, ಶ್ವಾಸಕೋಶಗಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಕೆಲವು ಗಡ್ಡೆಗಳು ಹಾರ್ಮೋನನ್ನು ಅತಿಯಾಗಿ ಸುರಿಸುವುದರಿಂದ ಮುಖ ಕೆಂಪೇರುವುದು, ಪದೇ ಪದೇ ಭೇದಿ, ಉಬ್ಬಸ ಉಂಟಾಗುತ್ತವೆ. ಇದನ್ನು ಅಜೀರ್ಣವೆಂದೋ, ಆಸ್ತಮಾ ಎಂದೋ, ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲದ ತೊಂದರೆಯೆಂದೋ ತಿಳಿದು ವರ್ಷಗಳು ಕಳೆಯುವುದುಂಟು. ಆದ್ದರಿಂದ ‘ಮೊದಲೇ ಏಕೆ ತೋರಿಸಲಿಲ್ಲ?’ ಎಂದು ರೋಗಿಯನ್ನು ದೂರಬೇಡಿ, ನಿಮ್ಮನ್ನೂ ದೂರಿಕೊಳ್ಳಬೇಡಿ.

ಮುಚ್ಚಿಡಬೇಡಿ

‘ಅವಳಿಗೆ ಹೇಳಬೇಡಿ ಡಾಕ್ಟ್ರೇ, ಎದೆ ಒಡೆದುಕೊಳ್ಳುತ್ತಾಳೆ’ ಎನ್ನುವ ಗಂಡಂದಿರು ನಮ್ಮಲ್ಲಿ ಬಹಳ. ಉದ್ದೇಶ ಒಳ್ಳೆಯದೇ. ಆದರೆ ತಿಂಗಳು ತಿಂಗಳೂ ಚುಚ್ಚುಮದ್ದು ಪಡೆಯುವ ಕಾಯಿಲೆಯನ್ನು ಎಷ್ಟು ದಿನ ಬಚ್ಚಿಡಲು ಸಾಧ್ಯ? ಅವರಿಗೆ ಅನುಮಾನ ಬಂದೇ ಬರುತ್ತದೆ. ನೀವು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗುತ್ತಾರೆ. ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ಕೇಳಿ. ವೈದ್ಯರ ಬಳಿ ಇಬ್ಬರೂ ಕೂಡಿ ಕುಳಿತು ಮಾತನಾಡಿ. ಚಿಕಿತ್ಸೆಯ ಬಗ್ಗೆ ಕೊನೆಯ ಮಾತು ರೋಗಿಯದೇ ಆಗಿರಲಿ.

ಒಂದು ನೋಟ್ ಬುಕ್ ಇಡಿ

ದಿನಕ್ಕೆ ಎಷ್ಟು ಸಲ ಭೇದಿಯಾಯಿತು, ಯಾವಾಗ ಮುಖ ಕೆಂಪೇರಿತು, ಅದಕ್ಕೆ ಮುಂಚೆ ಏನು ತಿಂದಿದ್ದರು, ತೂಕ ಎಷ್ಟು, ಯಾವ ಮಾತ್ರೆ ನುಂಗಿದರು ಎಂಬುದನ್ನು ಬರೆದಿಡಿ. ರೋಗಿ ಮರೆಯುವುದನ್ನು ಜೊತೆಗಿರುವವರು ಗಮನಿಸಬಲ್ಲರು. ಇದು ಪರೀಕ್ಷೆಗಳಿಗೂ ಮುಖ್ಯ. ಕ್ರೋಮೊಗ್ರಾನಿನ್ ಎಂಬ ರಕ್ತಪರೀಕ್ಷೆಯಲ್ಲಿ, ಹೊಟ್ಟೆಯುರಿಗೆ ನುಂಗುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮಾತ್ರೆಗಳಿಂದಲೂ ಪ್ರಮಾಣ ಹೆಚ್ಚಾಗಿ ಕಾಣಬಹುದು. ಇಪ್ಪತ್ನಾಲ್ಕು ಗಂಟೆಯ ಮೂತ್ರಪರೀಕ್ಷೆಗೆ ಮುಂಚೆ ಬಾಳೆಹಣ್ಣು, ಅನಾನಸು, ಟೊಮೆಟೊ ತಿಂದರೂ ಹೀಗಾಗುತ್ತದೆ. ಎಷ್ಟು ದಿನ ಬಿಡಬೇಕೆಂದು ವೈದ್ಯರನ್ನು ಕೇಳಿ. ಆದರೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ.

ಮನೆಯಲ್ಲಿ ಎಚ್ಚರಿಕೆ

* ಹೊಟ್ಟೆ ತುಂಬ ಒಂದೇ ಸಲ ಉಣ್ಣುವುದು, ಅತಿ ಖಾರ ಮತ್ತು ಮದ್ಯಪಾನ ಮುಖ ಕೆಂಪೇರಿಸುತ್ತವೆ. ಸ್ವಲ್ಪ ಸ್ವಲ್ಪ ಹಲವು ಸಲ ಕೊಡಿ. ಮನಸ್ಸಿನ ಉದ್ವೇಗವೂ ಹಾಗೆಯೇ ಮಾಡುತ್ತದೆ. ಹಣಕಾಸಿನ ಜಗಳವನ್ನು ಊಟದ ಹೊತ್ತಿಗೆ ತೆಗೆಯಬೇಡಿ.

* ಆಕ್ಟ್ರಿಯೋಟೈಡ್ ಅಥವಾ ಲ್ಯಾನ್ರಿಯೋಟೈಡ್ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಮದ್ದನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಬೇಡ.

* ಲುಟೇಶಿಯಂ ವಿಕಿರಣ ಔಷಧಿ ಪಡೆದು ಬಂದ ಮೇಲೆ ಕೆಲವು ದಿನ ದೇಹದಿಂದ, ಮುಖ್ಯವಾಗಿ ಮೂತ್ರದ ಮೂಲಕ, ವಿಕಿರಣ ಹೊರಬೀಳುತ್ತದೆ. ಆಸ್ಪತ್ರೆಯವರು ಹೇಳಿದಷ್ಟು ದಿನ ಬೇರೆ ಹಾಸಿಗೆ ಬಳಸಿ. ಮಕ್ಕಳು, ಗರ್ಭಿಣಿಯರು ದೂರವಿರಲಿ. ಇದು ಕೆಲವೇ ದಿನಗಳ ಮಾತು, ಮೈಲಿಗೆಯಲ್ಲ. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ.

* ಅರಿವಳಿಕೆ ಕೊಡುವ ಯಾವುದೇ ಶಸ್ತ್ರಕ್ರಿಯೆಗೆ, ಹಲ್ಲು ಕೀಳಿಸುವುದಕ್ಕೂ, ಮುಂಚೆ ಈ ಕಾಯಿಲೆಯ ವಿಷಯ ತಿಳಿಸಿ. ರಕ್ತದೊತ್ತಡ ಹಠಾತ್ತನೆ ಏರುಪೇರಾಗುವ ಅಪಾಯವಿದೆ.

ಖರ್ಚು, ಓಡಾಟ

ಅಪರೂಪದ ಕಾಯಿಲೆಯಾದ್ದರಿಂದ, ಇಂಥ ರೋಗಿಗಳನ್ನು ನೋಡಿ ಅನುಭವವಿರುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಮ್ಮೆಯಾದರೂ ಸಲಹೆ ಪಡೆಯಿರಿ. ಅವರು ಒಪ್ಪಿದರೆ ತಿಂಗಳ ಚುಚ್ಚುಮದ್ದನ್ನು ಊರಿನ ಹತ್ತಿರವೇ ಹಾಕಿಸಬಹುದು. ಚಿಕಿತ್ಸೆಗೆ ಅಥವಾ ತಪಾಸಣೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರಿಯಾಯಿತಿ ಉಂಟು. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಚಿಕಿತ್ಸೆಗೆ ನೆರವು ಸಿಗುತ್ತದೆಂದು ಮೊದಲೇ ವಿಚಾರಿಸಿ. ಮನೆ, ಒಡವೆ ಮಾರುವ ಮುಂಚೆ ಮುಂದಿನ ವರ್ಷಗಳ ಲೆಕ್ಕ ಹಾಕಿ.

ನಿಮ್ಮ ಆರೋಗ್ಯ

ಹೆಂಡತಿಗೆ ಕಾಯಿಲೆಯಾದರೂ ಒಲೆಯ ಮುಂದೆ ಅವಳೇ ನಿಲ್ಲುವುದು ಎಷ್ಟೋ ಮನೆಗಳ ಪಾಡು. ಗಂಡನಿಗಾದರೆ, ರಾತ್ರಿಯಿಡೀ ಎದ್ದು ನೋಡಿಕೊಳ್ಳುವ ಹೆಂಡತಿ ತನ್ನ ಬಿ.ಪಿ. ಮಾತ್ರೆಯನ್ನೇ ಮರೆಯುತ್ತಾಳೆ. ಎರಡೂ ತಪ್ಪು. ಗಂಡಸರು ಅನ್ನ ಸಾರು ಮಾಡಲು ಕಲಿಯಲಿ. ವಾರಕ್ಕೆ ಅರ್ಧ ದಿನ ತಮ್ಮನೋ ನಾದಿನಿಯೋ ಬಂದು ರೋಗಿಯ ಬಳಿ ಇರಲಿ. ಆ ಹೊತ್ತು ನೀವು ನಿದ್ದೆ ಮಾಡಿ, ಹೊರಗೆ ಸುತ್ತಾಡಿ ಬನ್ನಿ. ಹಲವು ವಾರ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ನಿಮ್ಮ ವೈದ್ಯರಿಗೆ ನಾಚದೆ ಹೇಳಿ, ಅದಕ್ಕೂ ಚಿಕಿತ್ಸೆಯಿದೆ.

ಕಾಯಿಲೆಯ ಮಾತಿಲ್ಲದ ಒಂದು ಗಂಟೆ ದಿನಕ್ಕೊಮ್ಮೆ ಇಬ್ಬರಿಗೂ ಇರಲಿ. ಮಗಳ ಪರೀಕ್ಷೆ, ಅಂಗಳದ ಮಲ್ಲಿಗೆ, ಪಕ್ಕದ ಮನೆಯ ಸುದ್ದಿ ಏನಾದರೂ ಆದೀತು. ರೋಗಿಗೆ ಆ ಹೊತ್ತಿನಲ್ಲಿ ಬೇಕಾದದ್ದು ನರ್ಸ್ ಅಲ್ಲ, ತನ್ನ ಗಂಡ ಅಥವಾ ಹೆಂಡತಿ.