ಯುದ್ಧದ ಬೆನ್ನಲ್ಲಿ ಬಂದ ಜ್ವರ

1918ನೆಯ ಇಸವಿ ಸೆಪ್ಟೆಂಬರ್ 23ರಂದು ಮೈಸೂರು ಸಂಸ್ಥಾನದ ರಾವುತರು ಜೋಧಪುರದ ರಾವುತರೊಡಗೂಡಿ ದೂರದ ಹೈಫಾ ಪಟ್ಟಣವನ್ನು ಗೆದ್ದರು. ಮಹಾಯುದ್ಧದಲ್ಲಿ ಮಡಿದ ಮೈಸೂರಿನ ಆ ಸೈನಿಕರ ನೆನಪಿಗೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ. ಹೈಫಾ ಬಿದ್ದ ಆ ವಾರಗಳಲ್ಲಿಯೇ ಅವರ ತಾಯ್ನಾಡಿನ ಹಳ್ಳಿಗಳ ಕಡೆಗೆ ಇನ್ನೊಬ್ಬ ಶತ್ರು ರೈಲಿನಲ್ಲಿ ಬರುತ್ತಿದ್ದನು. ಅವನಿಗೆ ಬಲಿಯಾದವರಿಗೆ ಸ್ಮಾರಕವನ್ನು ನಾನೆಲ್ಲಿಯೂ ಕಂಡಿಲ್ಲ.

ಆ ಶತ್ರುವಿನ ಹೆಸರು ಇನ್‌ಫ್ಲುಯೆಂಜಾ. ಜೂನ್ ತಿಂಗಳಲ್ಲಿ ಮುಂಬಯಿಯ ಹಡಗುಕಟ್ಟೆಯ ಕಾವಲಿಗಿದ್ದ ಪೊಲೀಸರು ಮೊದಲು ಹಾಸಿಗೆ ಹಿಡಿದರು. ಸೈನಿಕರನ್ನು ಹೊತ್ತು ತಂದ ಹಡಗಿನಿಂದ ರೋಗವು ದಡಕ್ಕಿಳಿಯಿತೆಂದು ನಗರದ ಆರೋಗ್ಯಾಧಿಕಾರಿ ಭಾವಿಸಿದರು. ಆಗಿನ ಜ್ವರ ಸೌಮ್ಯವಾಗಿತ್ತು. ಸೆಪ್ಟೆಂಬರಿನಲ್ಲಿ ಮರಳಿ ಬಂದದ್ದು ಮಾರಕವಾಗಿತ್ತು. ಅಕ್ಟೋಬರ್ 6ರಂದು, ಒಂದೇ ದಿನ, ಮುಂಬಯಿಯಲ್ಲಿ ಸತ್ತವರು 768 ಮಂದಿ.

ಯುದ್ಧವು ನಾಡನ್ನು ಮೊದಲೇ ಬಳಲಿಸಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆಗೆ ಹೋಗಿದ್ದರು. ಅನೇಕ ವೈದ್ಯರನ್ನೂ ಸೈನ್ಯವು ಕರೆದೊಯ್ದಿತ್ತು. ಧಾನ್ಯ, ಬಟ್ಟೆಗಳ ಬೆಲೆ ಏರಿತ್ತು. ಸಾಲದೆಂಬಂತೆ ಆ ವರ್ಷ ಮುಂಗಾರೂ ಕೈಕೊಟ್ಟಿತು. ಅರೆಹೊಟ್ಟೆಯ ಜನರ ಮೇಲೆ ಜ್ವರವೆರಗಿದಾಗ ಮದ್ದು ಕೊಡುವವರೂ ವಿರಳವಾಗಿದ್ದರು. ಯುದ್ಧದಲ್ಲಿ ಮಡಿದ ಭಾರತೀಯರು ಸುಮಾರು 74,000. ಜ್ವರಕ್ಕೆ ಬಲಿಯಾದವರು ಒಂದು ಕೋಟಿಗೂ ಮಿಗಿಲು. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ದೇಶದ ಜನಸಂಖ್ಯೆ ಇಳಿದದ್ದು 1911ರಿಂದ 1921ರ ದಶಕದಲ್ಲಿ ಮಾತ್ರ.

ಸತ್ತವರು ಯಾರೆಂಬುದು ಇನ್ನೂ ಮುಖ್ಯ. ಸಾಮಾನ್ಯವಾಗಿ ರೋಗವು ಹಸುಳೆಗಳನ್ನೂ ವೃದ್ಧರನ್ನೂ ಹುಡುಕುತ್ತದೆ. ಈ ಜ್ವರವಾದರೋ ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು, ಅವರಲ್ಲಿಯೂ ಹೆಂಗಸರನ್ನು, ಹೆಚ್ಚಾಗಿ ಕೊಂಡೊಯ್ದಿತು. ಮನೆಯವರ ಆರೈಕೆಗೆ ನಿಂತವಳಿಗೆ ವಿಶ್ರಾಂತಿಯೆಲ್ಲಿಯದು? ಉಳುವವನೂ ಕಳೆ ಕೀಳುವವಳೂ ಇಲ್ಲವಾದ ಮೇಲೆ ಹೊಲ ಬೀಳುಬೀಳದೆ ಇದ್ದೀತೇ?

ಭಾರತದ ಹಳ್ಳಿಗಳಲ್ಲಿ ಬೇಕಾದುದಕ್ಕಿಂತ ಹೆಚ್ಚು ಕೈಗಳಿವೆ, ಕೆಲವು ಕಡಮೆಯಾದರೂ ಬೆಳೆ ಕುಗ್ಗದು ಎಂದು ಕೆಲವು ಪಂಡಿತರು ವಾದಿಸುತ್ತಿದ್ದರು. ಥಿಯೊಡೋರ್ ಷುಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಈ ಜ್ವರದ ಲೆಕ್ಕವನ್ನೇ ಮುಂದಿಟ್ಟು, ದುಡಿಯುವವರು ಸತ್ತ ಮೇಲೆ ಬಿತ್ತನೆಯ ನೆಲವೂ ಕುಗ್ಗಿತೆಂದು ತೋರಿಸಿದರು. ಅಮರ್ತ್ಯ ಸೇನ್ ಅವರು ಆ ಲೆಕ್ಕವನ್ನು ಒಪ್ಪಲಿಲ್ಲ. ನನಗಂತೂ ಷುಲ್ಟ್ಸ್ ಅವರ ಮಾತು ಓದಿದಾಗ ನನ್ನ ಅಜ್ಜಿಯ ನೆನಪಾಯಿತು. ಆ ವರ್ಷ ಆಕೆ ಹತ್ತರ ಹುಡುಗಿ. ಮಳೆಯಿಲ್ಲದೆ ಸೊರಗಿದ ಹೊಲದಲ್ಲಿ ನಿಂತಿದ್ದ ಅಷ್ಟಿಷ್ಟು ರಾಗಿಯನ್ನು ಕೊಯ್ಯಲು ಆಳು ಸಿಗದೆ, ತಾಯಿಯ ಕುಡುಗೋಲನ್ನು ತಾನೇ ಹಿಡಿದಳಂತೆ. ತಾಯಿ ಹೋಗಿ ಆಗ ಹದಿನೈದು ದಿನವಾಗಿತ್ತು.