ಕೊನೆಯ ಬೆಂಚಿನ ಮಗು ಹೇಗಿದೆ?

ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗಾಗಲೇ ಖಾಸಗಿ ಶಾಲೆಗಳ ಗೇಟಿಗೆ ‘ಅಡ್ಮಿಷನ್ ಓಪನ್’ ಬ್ಯಾನರ್ ಬಿದ್ದಿರುತ್ತದೆ. ಆ ದಿನಗಳಲ್ಲಿ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಶಾಲೆ ಆರಿಸುವ ವಿಷಯದವೇ. ಹಿಂದೆಲ್ಲ ರಿಸಲ್ಟ್ ಚೆನ್ನಾಗಿರುವ ಶಾಲೆ ಯಾವುದೆಂದು ಕೇಳುತ್ತಿದ್ದರು. ಈಗ ಮಗು ಖುಷಿಯಿಂದ ಹೋಗಿಬರುವ ಶಾಲೆ ಯಾವುದೆಂದು ಕೇಳುವವರೂ ಸಿಗುತ್ತಿದ್ದಾರೆ. ಅಂಥ ನಾಲ್ಕು ಪತ್ರಗಳನ್ನು ಈ ಸಲ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಗಳು ಯುಕೆಜಿಯಲ್ಲಿದ್ದಾಳೆ. ಜೂನ್‌ಗೆ ಒಂದನೇ ಕ್ಲಾಸು. ಎರಡು ಶಾಲೆ ನೋಡಿ ಬಂದೆವು. ಒಂದರಲ್ಲಿ ಗೋಡೆ ತುಂಬ ಟಾಪರ್‌ಗಳ ಫೋಟೋ. ಮಗಳನ್ನು ಒಳಗೆ ಕರೆದು ಇಂಗ್ಲಿಷ್ ಓದಿಸಿ, ಲೆಕ್ಕ ಮಾಡಿಸಿ ನೋಡಿದರು. ಇನ್ನೊಂದರಲ್ಲಿ ತೋಟವಿದೆ, ಯೋಗವಿದೆ, ‘ಒತ್ತಡರಹಿತ ಕಲಿಕೆ’ ಎಂಬ ದೊಡ್ಡ ಬೋರ್ಡಿದೆ. ಫೀಸು ಹೆಚ್ಚುಕಡಿಮೆ ಒಂದೇ. ಯಾವುದಕ್ಕೆ ಸೇರಿಸುವುದು?
– ಒಬ್ಬ ತಾಯಿ, ಮೈಸೂರು

ಉತ್ತರ: ಮೊದಲು ಆ ಪರೀಕ್ಷೆಯ ಮಾತು. ಶಾಲೆಗೆ ಸೇರಿಸಿಕೊಳ್ಳುವ ಮುನ್ನ ಮಗುವನ್ನಾಗಲಿ ಅಪ್ಪ ಅಮ್ಮಂದಿರನ್ನಾಗಲಿ ಪರೀಕ್ಷಿಸಿ ಸೋಸುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ನಿಷೇಧಿಸಿದೆ. ಮೊದಲ ಸಲ ತಪ್ಪು ಮಾಡಿದರೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000 ರೂಪಾಯಿವರೆಗೆ ದಂಡವಿದೆ. ಆದರೂ ‘ಸುಮ್ಮನೆ ಮಾತಾಡಿಸ್ತೀವಿ’ ಎಂದು ಹೇಳಿ ಇದು ನಡೆಯುತ್ತಲೇ ಇದೆ. ಆರು ವರ್ಷ ತುಂಬದ ಮಗುವನ್ನು ಬಾಗಿಲಲ್ಲೇ ಅಳೆಯುವ ಶಾಲೆ, ಒಳಗೆ ಬಿಟ್ಟುಕೊಂಡ ಮೇಲೆ ಅಳೆಯುವುದನ್ನು ನಿಲ್ಲಿಸುತ್ತದೆ ಎಂಬ ನಂಬಿಕೆ ನನಗಿಲ್ಲ.

ಹಾಗಂತ ಎರಡನೆಯ ಶಾಲೆಯ ಬೋರ್ಡನ್ನು ನೋಡಿ ಮರುಳಾಗಲೂಬೇಡಿ. ತೋಟವಿದ್ದ ಮಾತ್ರಕ್ಕೆ ಮಕ್ಕಳನ್ನು ಅದರೊಳಗೆ ಬಿಡುತ್ತಾರೆಂದಲ್ಲ. ಶಾಲೆ ನೋಡಲು ಹೋದಾಗ ನಾನು ಹುಡುಕುವುದು ಒಂದೇ: ಓದಿನಲ್ಲಿ ಹಿಂದಿರುವ ಮಗು ಅಲ್ಲಿ ಹೇಗಿದೆ? ಮುಂದಿರುವ ಮಗುವನ್ನು ಎಲ್ಲ ಶಾಲೆಗಳೂ ಚೆನ್ನಾಗಿಯೇ ನೋಡಿಕೊಳ್ಳುತ್ತವೆ. ಮುಖ್ಯೋಪಾಧ್ಯಾಯರನ್ನು ನೇರವಾಗಿ ಕೇಳಿ: ‘ಮೂರನೇ ಕ್ಲಾಸಿಗೆ ಬಂದರೂ ಓದಲು ಬಾರದ ಮಗುವಿಗೆ ನೀವೇನು ಮಾಡುತ್ತೀರಿ?’ ಯಾವ ಟೀಚರ್, ಯಾವ ಪೀರಿಯಡ್, ಎಷ್ಟು ದಿನ ಎಂದು ಬಿಡಿಸಿ ಹೇಳಿದರೆ ಅವರು ಅಂಥ ಮಗುವಿನ ಜೊತೆ ಕೂತಿದ್ದಾರೆ ಎಂದರ್ಥ. ‘ನಮ್ಮಲ್ಲಿ ಅಂಥ ಮಕ್ಕಳೇ ಇಲ್ಲ’ ಎಂದರೆ, ಇದ್ದವರು ಟಿಸಿ ತೆಗೆದುಕೊಂಡು ಎಲ್ಲಿಗೆ ಹೋದರೆಂದು ನೀವೇ ಯೋಚಿಸಿ.

ಓಪನ್ ಡೇಗೆ ಹೋಗಬೇಡಿ, ಅಂದು ಎಲ್ಲರೂ ಹಬ್ಬದ ಬಟ್ಟೆಯಲ್ಲಿರುತ್ತಾರೆ. ಅನುಮತಿ ಕೇಳಿಕೊಂಡು ಯಾವುದೋ ಒಂದು ಮಾಮೂಲಿ ಮಂಗಳವಾರ, ಊಟದ ಬೆಲ್ಲು ಹೊಡೆಯುವ ಹೊತ್ತಿಗೆ ಹೋಗಿ ನಿಂತುಕೊಳ್ಳಿ. ಬೆಲ್ಲಾದಾಗ ಮಕ್ಕಳ ಗಲಾಟೆ ಕೇಳಬೇಕು. ಪಿನ್ ಬಿದ್ದರೂ ಕೇಳುವಷ್ಟು ಶಿಸ್ತಿದ್ದರೆ ನನಗೆ ಹೊಟ್ಟೆಯಲ್ಲಿ ಕಸಿವಿಸಿ. ಚಡ್ಡಿ ಒದ್ದೆ ಮಾಡಿಕೊಂಡ ಮಗುವಿನ ಹತ್ತಿರ ಆಯಾ ಯಾವ ದನಿಯಲ್ಲಿ ಮಾತಾಡುತ್ತಾಳೆ, ಟಾಯ್ಲೆಟ್ ಬಾಗಿಲಿಗೆ ಚಿಲಕವಿದೆಯೇ, ಟಿಫಿನ್ ಬಾಕ್ಸಿನ ಅರ್ಧ ಊಟ ಉಳಿದ ಮಗುವನ್ನು ಯಾರಾದರೂ ಗಮನಿಸುತ್ತಾರೆಯೇ, ನೋಡಿ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬನನ್ನು ‘ಪಿಟಿ ಪೀರಿಯಡ್ ಲೆಕ್ಕದ ಮಿಸ್ ತಗೋತಾರಾ?’ ಎಂದು ಕೇಳಿ. ಮಕ್ಕಳು ಇದಕ್ಕೆ ಸುಳ್ಳು ಹೇಳುವುದಿಲ್ಲ. ಟೀಚರ್‌ಗಳು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆಂದೂ ವಿಚಾರಿಸಿ. ರಿಸಲ್ಟ್ ಕಡಿಮೆಯಾದರೆ ಕೆಲಸ ಹೋಗುತ್ತದೆಂದು ಹೆದರುವ ಟೀಚರ್ ಆ ಹೆದರಿಕೆಯನ್ನು ಮಕ್ಕಳಿಗೆ ದಾಟಿಸದೆ ಇರಲಾರರು.

ಬ್ಯಾಗನ್ನು ಎತ್ತಿ ನೋಡಿ. ಒಂದು, ಎರಡನೇ ಕ್ಲಾಸಿನ ಬ್ಯಾಗು ಒಂದೂವರೆಯಿಂದ ಎರಡು ಕಿಲೋ ಮೀರಬಾರದೆಂದು ಕರ್ನಾಟಕ ಸರ್ಕಾರ 2019ರಲ್ಲೇ ಆದೇಶ ಮಾಡಿದೆ. ಎರಡನೇ ಕ್ಲಾಸಿನವರೆಗೆ ಹೋಂವರ್ಕ್ ಬೇಡವೆಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಹೇಳುತ್ತದೆ. ನಿಮ್ಮ ಮೈಸೂರಿನವರೇ ಆದ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಮಾತಾಡಲು ಎದ್ದು ನಿಂತಾಗ ಎತ್ತಿಕೊಂಡ ವಿಷಯ ಮಕ್ಕಳ ಬೆನ್ನ ಮೇಲಿನ ಈ ಹೊರೆ. ಆಮೇಲೆ ಈ ಹೊರೆ ಇಳಿಸುವ ದಾರಿ ಹುಡುಕಲು ಯಶಪಾಲ್ ಸಮಿತಿಯಾಯಿತು, 1993ರಲ್ಲಿ ವರದಿಯೂ ಬಂತು. ಬ್ಯಾಗು ಮಾತ್ರ ಈಗಲೂ ಭಾರವೇ. ಶಾಲೆ ಸಿಬಿಎಸ್‌ಇಯದಾದರೆ ಒಂದು ಸೆಕ್ಷನ್‌ಗೆ 40 ಮಕ್ಕಳೆಂಬ ಮಿತಿ, ಆಪ್ತಸಮಾಲೋಚಕರು, ವಿಶೇಷ ಶಿಕ್ಷಕರು ಇರಬೇಕೆಂಬ ನಿಯಮವಿದೆ. ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಅವರು ಕೂರುವ ಕೋಣೆ ತೋರಿಸಿ ಎನ್ನಿ.

ಇಷ್ಟೆಲ್ಲ ನೋಡಿದ ಮೇಲೂ ಎರಡೂ ಸಮ ಎನಿಸಿದರೆ, ಮನೆಗೆ ಹತ್ತಿರವಿರುವ ಶಾಲೆಗೆ ಸೇರಿಸಿ. ವ್ಯಾನಿನಲ್ಲಿ ದಿನಕ್ಕೆ ಎರಡು ಗಂಟೆ ಕೂರುವ ಮಗುವಿಗೆ ಆಟದ ಹೊತ್ತು ಉಳಿಯುವುದಿಲ್ಲ.

ಪ್ರಶ್ನೆ: ನಾಲ್ಕನೇ ಕ್ಲಾಸಿನ ಮಗ ಬೆಳಗಾದರೆ ಹೊಟ್ಟೆನೋವು ಅಂತಾನೆ. ಭಾನುವಾರ ಇಲ್ಲ, ದಸರಾ ರಜೆಯಲ್ಲೂ ಇರಲಿಲ್ಲ. ಕ್ಲಾಸ್ ಟೀಚರ್ ‘ನಾಟಕ ಮಾಡ್ತಾನೆ’ ಅಂದರು. ಯುನಿಟ್ ಟೆಸ್ಟಿನ ಮಾರ್ಕ್ಸನ್ನು ಅವರು ಎಲ್ಲರೆದುರು ಓದುತ್ತಾರಂತೆ. ವರ್ಷದ ಮಧ್ಯೆ ಶಾಲೆ ಬದಲಿಸಿದರೆ ತಪ್ಪೇ?
– ಒಬ್ಬ ತಂದೆ, ದಾವಣಗೆರೆ

ಉತ್ತರ: ನಾಟಕವಲ್ಲ ಸ್ವಾಮಿ. ಹೆದರಿಕೆಗೆ ಮಕ್ಕಳ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಬೇರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಆಮೇಲೆ ‘ಯಾಕೆ ಹೋಗಲ್ಲ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಒಂಬತ್ತು ವರ್ಷದವನ ಹತ್ತಿರ ಉತ್ತರ ಇರುವುದಿಲ್ಲ. ಯಾರ ಪಕ್ಕ ಕೂರುತ್ತೀಯ, ಟಿಫಿನ್ ಯಾರ ಜೊತೆ ತಿನ್ನುತ್ತೀಯ, ಯಾವ ಪೀರಿಯಡ್ ಬೇಗ ಮುಗಿಯುತ್ತದೆ, ಯಾವುದು ಮುಗಿಯುವುದೇ ಇಲ್ಲ – ಹೀಗೆ ರಾತ್ರಿ ಮಲಗುವಾಗ ಬಿಡಿಬಿಡಿಯಾಗಿ ಕೇಳಿ.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದ ಹುಡುಗನೊಬ್ಬನಿಗೂ ಹೀಗೇ ಆಗುತ್ತಿತ್ತು. ಲೆಕ್ಕದ ಹೆದರಿಕೆ ಎಂದು ಮನೆಯವರು ಟ್ಯೂಷನ್ ಹಾಕಿದ್ದರು. ಮೂರನೆಯ ಭೇಟಿಯಲ್ಲಿ ಅವನು ಮೆಲ್ಲಗೆ ಹೇಳಿದ: ಟಾಯ್ಲೆಟ್ಟಿಗೆ ಚಿಲಕವಿಲ್ಲ, ದೊಡ್ಡ ಹುಡುಗರು ಬಾಗಿಲು ತಳ್ಳುತ್ತಾರೆ, ಅದಕ್ಕೇ ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಶಾಲೆಯವರು ಚಿಲಕ ಹಾಕಿಸಿದರು, ಒಬ್ಬ ಆಯಾಳನ್ನು ಅಲ್ಲಿ ನಿಲ್ಲಿಸಿದರು. ಹೊಟ್ಟೆನೋವು ಹೋಯಿತು. ಅದಕ್ಕೇ ಹೇಳುವುದು, ಕಾರಣ ತಿಳಿಯದೆ ಶಾಲೆ ಬಿಡಿಸಬೇಡಿ.

ಆದರೆ ಎಲ್ಲರೆದುರು ಮಾರ್ಕ್ಸ್ ಓದುವುದನ್ನು ಸಹಿಸಿಕೊಳ್ಳಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತವನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕ್ಲಾಸ್ ಟೀಚರ್ ಜೊತೆ ಒಮ್ಮೆ ಶಾಂತವಾಗಿ ಮಾತಾಡಿ, ಪ್ರಯೋಜನವಾಗದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಕೊಡಿ. ಮೂರು ವಾರ ನೋಡಿ. ಏನೂ ಬದಲಾಗದಿದ್ದರೆ ವರ್ಷದ ಮಧ್ಯೆಯಾದರೂ ಸರಿ, ಬಿಡಿಸಿ. ಹೋದ ಫೀಸು ಹೋಗಲಿ. ಹುಡುಗನಿಗೆ ಮಾತ್ರ ‘ನೀನು ಸೋತೆ ಅಂತ ಬದಲಿಸುತ್ತಿಲ್ಲ, ಆ ಜಾಗ ನಿನಗೆ ಸರಿಯಾಗಲಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಅವನು ತಪ್ಪನ್ನು ತನ್ನ ತಲೆಗೇ ಕಟ್ಟಿಕೊಳ್ಳುತ್ತಾನೆ.

ಪ್ರಶ್ನೆ: ನನಗೆ ಎಪ್ಪತ್ತೆರಡು. ಬೆತ್ತದ ಏಟು ತಿಂದೇ ಓದಿದವರು ನಾವು. ಬೆಂಗಳೂರಿನಲ್ಲಿ ಎಂಟನೇ ಕ್ಲಾಸು ಓದುವ ಮೊಮ್ಮಗನನ್ನು ಶಾಲೆಯವರೇ ಐಐಟಿ ಫೌಂಡೇಶನ್ ಬ್ಯಾಚಿಗೆ ಆರಿಸಿದ್ದಾರೆ. ಸೊಸೆ ಬೇಡವೆನ್ನುತ್ತಾಳೆ. ಒತ್ತಡವೇ ಇಲ್ಲದೆ ಬೆಳೆದ ಹುಡುಗ ನಾಳೆ ಸ್ಪರ್ಧೆಯಲ್ಲಿ ನಿಲ್ಲುವುದು ಹೇಗೆ?
– ಒಬ್ಬ ಅಜ್ಜ, ಶಿರಸಿ

ಉತ್ತರ: ಹಿರಿಯರೇ, ನಿಮ್ಮ ಚಿಂತೆ ಮೊಮ್ಮಗನ ಮೇಲಿನ ಪ್ರೀತಿಯಿಂದಲೇ ಬಂದದ್ದು. ಆದರೆ ಶ್ರಮ ಬೇರೆ, ಒತ್ತಡ ಬೇರೆ. ನಿಮ್ಮ ಸೀಮೆಯಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುವ ಹುಡುಗರನ್ನು ನೀವು ನೋಡಿದ್ದೀರಿ. ಕಾಲು ಸೋಲುವವರೆಗೆ ಕುಣಿಯುತ್ತಾರೆ, ಮತ್ತೆ ಮರುದಿನ ತಾವಾಗಿಯೇ ಬರುತ್ತಾರೆ. ತಾಳ ತಪ್ಪಿದರೆ ಅದೇ ಹೆಜ್ಜೆಯನ್ನು ಮತ್ತೆ ಹಾಕಿಸುತ್ತಾರೆಯೇ ಹೊರತು ‘ಬಿ ಬ್ಯಾಚು’ ಎಂದು ಪಕ್ಕಕ್ಕೆ ಕೂರಿಸುವುದಿಲ್ಲ.

ಹೀಗೆ ಬ್ಯಾಚ್ ಮಾಡುವ ಬಗ್ಗೆ ನ್ಯಾಯಾಲಯವೂ ಮಾತಾಡಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದು, ಎಲ್ಲರೆದುರು ಅವಮಾನಿಸುವುದು, ಶಕ್ತಿ ಮೀರಿದ ಗುರಿ ಹೇರುವುದು ಇವುಗಳಿಂದ ವಿದ್ಯಾಸಂಸ್ಥೆಗಳು ಆದಷ್ಟು ದೂರವಿರಬೇಕೆಂದಿತು. 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಆಪ್ತಸಮಾಲೋಚಕರೊಬ್ಬರು ಇರಲೇಬೇಕೆಂದಿತು.

ಮೊಮ್ಮಗನಿಗೆ ಫೋನ್ ಮಾಡಿ ಎರಡೇ ಮಾತು ಕೇಳಿ: ಬ್ಯಾಚು ನಿನಗೆ ಬೇಕಾ? ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತೀಯ? ಹದಿಹರೆಯದವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಅವನಿಗೇ ಆಸೆಯಿದ್ದು, ನಿದ್ದೆಗೆ ಕೊರತೆಯಿಲ್ಲದಿದ್ದರೆ ಓದಲಿ. ಎರಡರಲ್ಲಿ ಒಂದು ಇಲ್ಲವಾದರೂ ನಿಮ್ಮ ಸೊಸೆ ಹೇಳುವುದೇ ಸರಿ.

ಪ್ರಶ್ನೆ: ನಾನು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡ್ತೀನಿ. ಒತ್ತಡ ಇಲ್ಲದ ಶಾಲೆ ಅಂತ ಹೇಳೋವೆಲ್ಲ ಲಕ್ಷಗಟ್ಟಲೆ ಫೀಸು ಕೇಳ್ತಾವ. ಮಕ್ಕಳ ನೆಮ್ಮದಿ ಅನ್ನೋದು ರೊಕ್ಕ ಇದ್ದವರಿಗಷ್ಟೇ ಏನ್ರಿ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಖಂಡಿತ ಅಲ್ಲ ತಾಯಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ‘ನಲಿ ಕಲಿ’ ಶುರುವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಸುತ್ತಲಿನ ಹಳ್ಳಿ ಮಕ್ಕಳಿಗೆ ಅಲ್ಲಿನವರು ಕಾರ್ಡುಗಳ ಮೂಲಕ ಕಲಿಸುವುದನ್ನು ನೋಡಿ ಬಂದಿದ್ದರು. ಮಗು ತನ್ನ ವೇಗದಲ್ಲೇ ಒಂದೊಂದು ಮೆಟ್ಟಿಲು ಏರುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದರೆ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಅದು ಬಂತು. ಲಕ್ಷ ಕೊಟ್ಟು ಕೊಳ್ಳುವ ಪದ್ಧತಿಯ ಬೇರು ನಿಮ್ಮ ಓಣಿಯ ಸರ್ಕಾರಿ ಶಾಲೆಯಲ್ಲೇ ಇರಬಹುದು. ಎಲ್ಲ ಕಡೆಯೂ ಅದು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಒಳ್ಳೆಯ ಮೇಷ್ಟ್ರು ಇರುವ ಕಡೆ ನಡೆಯುತ್ತಿದೆ.

ಖಾಸಗಿಯೇ ಬೇಕೆಂದರೆ ದೊಡ್ಡ ಕಟ್ಟಡ, ಎಸಿ ಬಸ್ಸು ನೋಡಬೇಡಿ. ಇನ್ನೂರು ಮುನ್ನೂರು ಮಕ್ಕಳಿರುವ, ಮುಖ್ಯೋಪಾಧ್ಯಾಯರಿಗೆ ಪ್ರತಿ ಮಗುವಿನ ಹೆಸರು ಗೊತ್ತಿರುವ ಸಣ್ಣ ಶಾಲೆ ಹುಡುಕಿ. ಮೈಸೂರಿನ ತಾಯಿಗೆ ಹೇಳಿದ ಪ್ರಶ್ನೆಗಳನ್ನೇ ನೀವೂ ಕೇಳಿ, ಅವಕ್ಕೆ ದುಡ್ಡು ಬೇಕಿಲ್ಲ. ಮಗು ತೀರ ಮಂಕಾಗಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಎತ್ತುತ್ತಾರೆ, ಖರ್ಚಿಲ್ಲ.

ಅಂಗಡಿಗೆ ರಜೆ ಇರುವ ದಿನ ಶಾಲೆಗೂ ರಜೆಯೇ ಇದ್ದೀತು. ಒಂದು ದಿನ ಮಧ್ಯಾಹ್ನ ಸಾಹುಕಾರರನ್ನು ಕೇಳಿಕೊಂಡು ಬಿಡುವು ಮಾಡಿಕೊಳ್ಳಿ. ಊಟದ ಬೆಲ್ಲಿನ ಹೊತ್ತಿಗೆ ಎರಡು ಶಾಲೆಗೆ ಹೋಗಿ ಬನ್ನಿ. ಕಂಡದ್ದನ್ನು ನನಗೆ ಬರೆಯಿರಿ.