ಕರುಳಿನ ಅರ್ಬುದವೂ ಕಿರುತಂತುಗಳೂ

ಆರ್‌ಎನ್‌ಎ ತಂದ ಆಜ್ಞಾಪತ್ರವನ್ನು ಓದಿ ಜೀವಕೋಶವು ಪ್ರೋಟೀನನ್ನು ಕಟ್ಟುವುದೆಂದು ನಮ್ಮ ಮೇಲ್ತರಗತಿಯ ಬಾಲಿಕೆಯರು ಬಲ್ಲರು. ಆ ಪತ್ರಕ್ಕೆ ಅಂಟಿಕೊಂಡು ಅದನ್ನು ಓದಗೊಡದ ಕಿರುತಂತುಗಳೂ ಉಂಟು. ಸುಮಾರು 22 ಅಕ್ಷರಗಳಷ್ಟೇ ಉದ್ದವಾದ ಇವಕ್ಕೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರು. 1993ರಲ್ಲಿ ಇವನ್ನು ಒಂದು ಕ್ಷುದ್ರ ಹುಳುವಿನಲ್ಲಿ ಕಂಡುಹಿಡಿದ ಆಂಬ್ರೋಸ್, ರವ್ಕನ್ ಎಂಬವರಿಗೆ 2024ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ದೊಡ್ಡ ಕರುಳಿನ ಅರ್ಬುದದಲ್ಲಿ, ಅರ್ಥಾತ್ ಕ್ಯಾನ್ಸರಿನಲ್ಲಿ, ಶರೀರದ ಕಾವಲುಗಾರರಾದ ಟಿ-ಕಣಗಳು ಗೆಡ್ಡೆಯೊಳಗೆ ಹೇರಳವಾಗಿ ನುಗ್ಗಿದ್ದರೆ ರೋಗಿಯು ಬದುಕುವ ಆಶೆಯು ಹೆಚ್ಚು. ಆದರೆ 21ನೆಯ ಸಂಖ್ಯೆಯ ಕಿರುತಂತುವು ಮಿತಿಮೀರಿದ ಗೆಡ್ಡೆಗಳಲ್ಲಿ ಆ ಕಣಗಳು ವಿರಳವಾಗಿರುವುದನ್ನು ಪಂಡಿತರು ಕಂಡಿರುವರು. 148ಎ ಎಂಬುದರ ರೀತಿಯೇ ಬೇರೆ. ಅರ್ಬುದಕೋಶವು ಟಿ-ಕಣಗಳನ್ನು ತಡೆಯಲು ಮೈಮೇಲೆ ಧರಿಸುವ ಪಿಡಿ-ಎಲ್1 ಎಂಬ ಪ್ರೋಟೀನನ್ನು ಇದು ಅಡಗಿಸುವುದು. ಇದು ಕುಂದಿದರೆ ಆ ತಡೆಯು ಬಲಿಯುವುದು. ಆದಕಾರಣ ಕಿರುತಂತುಗಳೆಲ್ಲವೂ ರೋಗದ ಪಕ್ಷದವೆಂದು, ನಮ್ಮ ಕೆಲವರು ಉತ್ತರಪತ್ರಿಕೆಯಲ್ಲಿ ಬರೆದಂತೆ, ಬರೆಯಲಾಗದು.